ಮುಂದ ಅಂದರೆ ಯಾವ ಕಡೆ?

ರವಿವಾರ. ಬೆಳಗಿನ ಆರೂವರೆ. ಸ್ಥಳ: ಹಾನಗಲ್ಲಿನ ನಮ್ಮ ಮನೆಯ ಎದುರಿನ ಬೇವಿನ ಮರದ ಬುಡ. ಹಾಜರಿದ್ದವರು: ನಾನು, ಮಡಚುವ ಕುರ್ಚಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದ ನಮ್ಮ ಮನೆಯವರು, ಬಾನೆಟ್ ತೆರೆದುಕೊಂಡು ನಿಂತ ನಮ್ಮ ಹಳೆಯ ಪೆಟ್ರೋಲ್ ಅಂಬಾಸಿಡರ್ ಕಾರು. ಸವಣೂರಿನ ಗೌಸುಸಾಬ ಮೇಸ್ತ್ರಿ ಆರಕ್ಕೇ ಹಾಜರಿರಬೇಕಿತ್ತು. ಇರಲಿಲ್ಲ.

ಹೀಗೆ ಶುರುಮಾಡುವುದು ನನ್ನ ರೂಢಿ. ಸರಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ಆಯುಷ್ಯ ಕಳೆದವಳು ನಾನು. ಪಾಳಿ ಬದಲಾಗುವಾಗ ಈಗ ಇಷ್ಟು ಗಂಟೆ, ಇಂಥವರಿದ್ದಾರೆ, ಇಂಥ ರೋಗಿ ಹೀಗಿದ್ದಾನೆ ಎಂದು ಒಪ್ಪಿಸದೆ ಮನೆಗೆ ಹೋದರೆ ಊಟ ಇಳಿಯುತ್ತಿರಲಿಲ್ಲ. ನಿವೃತ್ತಿಯಾದರೂ ಚಟ ಬಿಟ್ಟಿಲ್ಲ. "ನಮ್ಮ ಮನ್ಯಾಗ ಬದನಿಕಾಯಿ ಪಲ್ಯಾನೂ ಡ್ಯೂಟಿ ಮ್ಯಾಲ ಇರತೈತಿ" ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಹೇಳಲಿ. ಬಿಸಿ ಪಲ್ಯ ಹೊತ್ತಿಗೆ ಸರಿಯಾಗಿ ತಾಟಿಗೆ ಬೀಳುತ್ತಿರುವುದರಿಂದಲೇ ಅವರಿಗೆ ಇಷ್ಟು ಮಾತು ಬರುತ್ತಿದೆ.

ಅಂದಿನ ರೋಗಿ ಕಾರು. ಮೂಲ ಕಾಯಿಲೆ, ಸಮನಾದ ರಸ್ತೆಯಲ್ಲಿ ಹಗುರಾಗಿ ಓಡುವಾಗ ಬಿಕ್ಕುವುದು. ಅದಕ್ಕೆ ನಾನೇ ಒಂದು ಮದ್ದು ಮಾಡಿದ್ದೆ. ಮದ್ದಾದ ಮೇಲೆ ಏರು ಕಂಡರೆ ಏದುಸಿರು, ನೀರು ಕುದಿಯುವುದು, ಸೈಲೆನ್ಸರಿನಲ್ಲಿ ಪಟಾಕಿ. ಅದೇ ದಿನ ಹನ್ನೆರಡಕ್ಕೆ ಶಿಗ್ಗಾಂವಿಯಲ್ಲಿ ಅಂಬಿಯ ಕುಬಸ, ಅಂದರೆ ಸೀಮಂತ. ಕುಬಸ ಮುಗಿಸಿ ಬಸುರಿಯನ್ನು ಇದೇ ಕಾರಿನಲ್ಲಿ ಹಂಸಭಾವಿಯ ತವರಿಗೆ ಮುಟ್ಟಿಸಬೇಕು. ಇದು ಅಂಬಿಯ ಹಟ. ಅವಳ ಅತ್ತೆಯ ಹಟ ಬೇರೆ ಇತ್ತು.

ಅಂಬಿ ಯಾರೆಂದು ಹೇಳದೆ ಮುಂದೆ ಹೋಗುವಂತಿಲ್ಲ.

ನಾನು ಹಂಸಭಾವಿಯ ಆಸ್ಪತ್ರೆಯಲ್ಲಿದ್ದ ಕಾಲ. ಅಲ್ಲಿದ್ದ ಡಾಕ್ಟರು ವರ್ಗವಾಗಿ ಹೋಗುವಾಗ ಈ ಕಾರನ್ನು ನಮಗೆ ದಾಟಿಸಿದ್ದರು. ನಮ್ಮ ಮನೆಯವರು ಸ್ಟೇರಿಂಗ್ ಮುಟ್ಟಲು ಒಪ್ಪಲಿಲ್ಲ. ಅವರು ಕನ್ನಡ ಸಾಲಿ ಮಾಸ್ತರರು. ಹಿಂದಿನ ಬೆಂಚಿನ ಪುಂಡರನ್ನು ಒಂದು ನೋಟದಲ್ಲಿ ಕೂಡ್ರಿಸುವವರು, ಎದುರಿಗೆ ಎಮ್ಮೆ ಬಂದರೆ ಕಣ್ಣು ಮುಚ್ಚುವವರು. ಹೀಗಾಗಿ ಕಾರು ಕಲಿತವಳು ನಾನು. ಒಂದು ಮಧ್ಯಾಹ್ನ ಅದೇ ಊರಿನ ಗೌರವ್ವನ ಚೊಚ್ಚಲ ಹೆರಿಗೆ ಅಡ್ಡಿಯಾಯಿತೆಂದು ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಇವರನ್ನು ಮುಂದೆ ಕೂಡ್ರಿಸಿ, ಹಾನಗಲ್ಲಿನ ದೊಡ್ಡ ಆಸ್ಪತ್ರೆಯ ಹಾದಿ ಹಿಡಿದೆ. ಊರಾಚೆ ಒಂದು ಹಳ್ಳವಿದೆ. ಯಾವ ಕಡೆಯಿಂದ ಬಂದರೂ ಇಳಿದು ಏರಬೇಕು. ಆ ಏರಿನ ಬುಡದಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತಿತು. ಕಾರು ನಿಂತರೂ ಗೌರವ್ವ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. "ಹಿಂದ ನೋಡಬ್ಯಾಡ್ರಿ" ಎಂದು ಇವರಿಗೆ ಆಜ್ಞೆ ಮಾಡಿ ನಾನು ಹಿಂದಿನ ಬಾಗಿಲಿಗೆ ಓಡಿದೆ. ಮಗು ಅಳುವ ತನಕ ಇವರು ಕಿಟಕಿಯಾಚೆಯ ಮೈಲಿಗಲ್ಲನ್ನೇ ನೋಡುತ್ತ ಕೂತರು. ಆ ಕಲ್ಲಿನ ಮೇಲೆ ಏನು ಬರೆದಿತ್ತೆಂದು ಇವತ್ತು ಕೇಳಿದರೂ ಹೇಳುತ್ತಾರೆ. ಕೂಸು ಹೇಗಿತ್ತೆಂದು ಕೇಳಿದರೆ ಮಾತ್ರ, "ಧ್ವನಿ ಚಲೋ ಇತ್ತು" ಎನ್ನುತ್ತಾರೆ.

ಕೂಸಿಗೆ ಅಂಬಿಕಾ ಎಂದು ಹೆಸರಿಟ್ಟರು. ದೇವಿಯ ಹೆಸರೆಂದು ಊರವರು ಕೈ ಮುಗಿದರು. ಅದು ಕಾರಿನ ಹೆಸರೆಂದು ಗೌರವ್ವನಿಗೆ ಗೊತ್ತು, ನನಗೆ ಗೊತ್ತು, ಈಗ ನಿಮಗೂ ಗೊತ್ತಾಯಿತು.

ಆ ಅಂಬಿ ಈಗ ಶಿಗ್ಗಾಂವಿಯ ಕಾಳಿನ ವ್ಯಾಪಾರಸ್ಥರ ಮನೆಯ ಸೊಸೆ. ಏಳು ತಿಂಗಳ ಬಸುರಿ. ತವರಿಗೆ ಹೋಗುವುದಾದರೆ ತಾನು ಹುಟ್ಟಿದ ಸೀಟಿನ ಮೇಲೆ ಕೂತೇ ಹೋಗುತ್ತೇನೆ ಎಂದು ಕೂತಿದ್ದಳು. ಅವಳ ಅತ್ತೆ ಶಾರದವ್ವ ಫೋನಿನಲ್ಲಿ ನನ್ನನ್ನೇ ಹಿಡಿದರು. ನರ್ಸಬಾಯಿ ಎಂದು ಈ ಕಡೆಯವರಿಗೆಲ್ಲ ನಾನು 'ಬಾಯಾರ'.

"ಕಾರಿನ್ಯಾಗ ಹುಟ್ಟಿದಾಕಿ ಕಾರಿನ್ಯಾಗ ಹಡದ್ರ ಮೊಮ್ಮಗಗ ಏನಂತ ಹೆಸರಿಡೂದ್ರಿ ಬಾಯಾರ? ಟಾಯರಪ್ಪ ಅಂತೇನು?"

"ಇನ್ನೂ ಏಳು ತಿಂಗಳ್ರಿ. ಏನೂ ಆಗಂಗಿಲ್ಲ."

"ಆಕಿದು ಏಳು ತಿಂಗಳು. ನಿಮ್ಮ ಗಾಡೀದು ಎಷ್ಟು? ಮೊದಲ ನಾ ಕುಂತು ನೋಡ್ತೇನಿ. ಒಮ್ಮೆ ಗಕ್ ಅಂತೋ, ಸೊಸಿ ನಮ್ಮ ಹುಡುಗನ ಹೊಸಾ ಗಾಡ್ಯಾಗ ಹೋಗ್ತಾಳ. ನೀವು ನಿಮ್ಮ ಗಾಡಿ ತಗೊಂಡು ಹಿಂದಿಂದ ಬರ್ರಿ."

ಹಿಂದಿಂದ ಬರುವುದು! ನಾನು ಹೆರಿಗೆ ಮಾಡಿಸಿದ ಹುಡುಗಿಯ ಹಿಂದೆ, ಧೂಳು ಕುಡಿಯುತ್ತ! ಶನಿವಾರ ಬೆಳಿಗ್ಗೆಯೇ ಗೌಸುಸಾಬರಿಗೆ ಫೋನು ಹಚ್ಚಿಸಿದೆ. ಮೊಬೈಲು ಇರುವುದು ಇವರ ಬಳಿ, ನಾನು ಇಟ್ಟುಕೊಂಡಿಲ್ಲ. ಕರೆದಾಗೆಲ್ಲ ಓಡಿ ಬರುವ ಡ್ಯೂಟಿ ಮುಗಿಸಿದ್ದೇನೆ.

"ಡಿಸ್ಟ್ರಿಬ್ಯೂಟರ್ ಬಗಲಿಗೆ ಒಂದು ಸಣ್ಣ ಹಲ್ಲಿನ ಚಕ್ರ ಐತೆಲ್ಲ ಬಾಯಾರ," ಎಂದರು ಗೌಸುಸಾಬರು, "ಟೈಮ್ ಅದು. ಅದನ್ನ ಒಂದ್ ಚೂರು ಮುಂದ ಮಾಡ್ರಿ. ನಾಳೆ ನಾ ಬಂದು ಪಕ್ಕಾ ನೋಡ್ತೇನಿ."

ಇಲ್ಲಿ ಸ್ವಲ್ಪ ವಿವರಿಸಬೇಕು. ಹೆದರಬೇಡಿ, ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ. ಎಂಟಕ್ಕೆ ಉಣ್ಣಲು ಕೂಡುವವರಿಗೆ ಬಿಸಿ ರೊಟ್ಟಿ ಬೇಕಾದರೆ ಒಲೆಯನ್ನು ಎಂಟಕ್ಕೆ ಹೊತ್ತಿಸಿದರೆ ನಡೆಯುವುದಿಲ್ಲ, ಮೊದಲೇ ಹೊತ್ತಿಸಬೇಕು. ಎಂಜಿನ್ನಿನಲ್ಲೂ ಹಾಗೆ. ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಎಂಬ ದಿಮ್ಮಿ ಮೇಲೆ ಬಂದು ತಲುಪುವ ಮೊದಲೇ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು, ಪೆಟ್ರೋಲಿಗೆ ಉರಿದುಕೊಳ್ಳಲು ಹೊತ್ತು ಬೇಕಲ್ಲ. ತೀರ ಮೊದಲಾದರೆ ಎಂಜಿನ್ ಠಣಠಣ ಬಡಿದುಕೊಳ್ಳುತ್ತದೆ. ತಡವಾದರೆ ಕಾದು, ಸೋತು, ಸೈಲೆನ್ಸರಿನಲ್ಲಿ ಢಂ ಎನ್ನುತ್ತದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿಯೇ ಡಿಸ್ಟ್ರಿಬ್ಯೂಟರ್. ಅದರ ಬಗಲಿನ ಆ ಪುಟ್ಟ ಚಕ್ರದ ಒಂದು ಕಡೆ 'ಎ' ಎಂಬ ಅಕ್ಷರವಿದೆ, ಇನ್ನೊಂದು ಕಡೆ 'ಆರ್'. ಎ ಎಂದರೆ ಅಡ್ವಾನ್ಸ್, ಕಿಡಿ ಮೊದಲಾಗುವುದು. ಆರ್ ಎಂದರೆ ತಡವಾಗುವುದು. ಇಷ್ಟು ನನಗೆ ಗೊತ್ತಿತ್ತು.

ಮೇಸ್ತ್ರಿ ಹೇಳಿದ್ದು ಎ ಅಲ್ಲ, ಆರ್ ಅಲ್ಲ, 'ಮುಂದ'. ನಾನು ಶಿಸ್ತಿನಿಂದ ವಿಚಾರ ಮಾಡಿದೆ. ಹೆರಿಗೆ ವಾರ್ಡಿನಲ್ಲಿ "ಡೇಟ್ ಮುಂದ ಹೋಗೇತ್ರಿ" ಎಂದರೆ ತಡ. ಮದುವೆ ಮುಂದ ಹಾಕಿದರೆ ತಡ. ಪರೀಕ್ಷೆ ಮುಂದ ಹೋದರೆ ತಡ, ಮತ್ತು ಹುಡುಗರ ಕುಣಿತ. ಇವರು "ಅಟ್ಟ ಹಸನು ಮಾಡೂದು ಮುಂದ ನೋಡೂಣು" ಎಂದರಂತೂ ಆ ತಡಕ್ಕೆ ತುದಿಯೇ ಇಲ್ಲ. ಮುಂದ ಅಂದರೆ ತಡ, ತಡ ಅಂದರೆ ಆರ್. ಚಕ್ರವನ್ನು ಕಟ್ ಕಟ್ ಎಂದು ಆರ್ ಕಡೆ ತಿರುಗಿಸಿ ಕೈ ತೊಳೆದೆ. ಆ ಸಂಜೆ ಕಾಯಿಪಲ್ಲೆಗೆಂದು ಪೇಟೆಗೆ ಹೋದಾಗ ಕಾರು ನಡುರಸ್ತೆಯಲ್ಲಿ ಎಷ್ಟು ಜೋರಾಗಿ ಢಂ ಎಂದಿತೆಂದರೆ, ಸೊಪ್ಪು ಮಾರುವವಳು ಬುಟ್ಟಿ ಬಿಟ್ಟು ಎದ್ದಳು. ನಾನು ಯಾರದೋ ಕಾರು ನೋಡುವವಳಂತೆ ಆಚೀಚೆ ನೋಡಿದೆ. ಊರಿನಲ್ಲಿ ಅಂಥ ಕಾರು ಅದೊಂದೇ ಎಂಬುದು ಆಮೇಲೆ ನೆನಪಾಯಿತು.

ಎಂಜಿನ್ನಿನ ಸದ್ದು ನನಗೆ ಹೊಸದಲ್ಲ. ನನ್ನ ತವರು ಹುಲಗೂರು. ಅಲ್ಲಿ ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿಯ ಆಯಿಲ್ ಎಂಜಿನ್ ಡಬ್ ಡಬ್ ಎನ್ನುವುದೇ ನಮ್ಮ ಓಣಿಯ ಗಡಿಯಾರ. ಜೋಳದ ಚೀಲಗಳ ಮೇಲೆ ಮಲಗಿ ಆ ಸದ್ದಿನಲ್ಲೇ ನಾನು ನಿದ್ದೆ ಮಾಡುತ್ತಿದ್ದೆ. ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಅಪ್ಪನ ಹುಬ್ಬು, ರೆಪ್ಪೆ, ಕಿವಿಯ ಕೂದಲೆಲ್ಲ ಹಿಟ್ಟು. ಹಬ್ಬದ ದಿನ ಮೈ ತೊಳೆದು ಬಂದರೆ ನನ್ನ ತಂಗಿ ಗುರುತು ಸಿಗದೆ ಅಳುತ್ತಿದ್ದಳು. ಅವ್ವ ಒಲೆಯ ಮುಂದೆ ಕೂತಲ್ಲಿಂದಲೇ ಕಿವಿಗೊಟ್ಟು, "ನಿಮ್ಮಪ್ಪಗ ಹಸಿವ್ಯಾಗೈತಿ, ಎಂಜಿನ್ ಕುಂಟಾಕತ್ತೈತಿ" ಎನ್ನುತ್ತಿದ್ದಳು. ಬುತ್ತಿ ಒಯ್ದರೆ ಖರೇ ಅಪ್ಪ ಹಸಿದಿರುತ್ತಿದ್ದ. ಅಪ್ಪನ ಹಸಿವಿಗೂ ಎಂಜಿನ್ನಿನ ಕುಂಟಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಇಬ್ಬರೂ ಇಲ್ಲ.

ಉಳಿದ ಶಿಸ್ತನ್ನು ಕಲಿಸಿದವರು ನರ್ಸಿಂಗ್ ಶಾಲೆಯ ಮೇಟ್ರನ್. ಹಾಸಿಗೆಯ ಮೂಲೆ ಮಡಿಕೆಯನ್ನು ಅಡ್ಡಪಟ್ಟಿಯಿಂದ ಅಳೆಯುವ ಹೆಂಗಸು. ಗಂಟೆ ಹೊಡೆಯುವಾಗ ಬಾಗಿಲಲ್ಲಿದ್ದರೆ, "ಟೈಮಿಗೆ ಬಂದಾಕಿ ತಡಾ ಬಂದಂಗ" ಎಂದು ಹೊರಗೆ ನಿಲ್ಲಿಸುತ್ತಿದ್ದರು. ಅಂದಿನಿಂದ ನಮ್ಮ ಅಡುಗೆಮನೆಯ ಗಡಿಯಾರ ಊರಿನ ಗಡಿಯಾರಗಳಿಗಿಂತ ಐದು ನಿಮಿಷ ಮೊದಲು ನಡೆಯುತ್ತದೆ. ಶನಿವಾರ ಅದರ ಸೆಲ್ ಮುಗಿದಿತ್ತು. ಇವರು ಸ್ಟೂಲ್ ಹತ್ತಿ ಹೊಸ ಸೆಲ್ ಹಾಕುವಾಗಲೂ ನಾನು ಬಚ್ಚಲಿನಿಂದಲೇ ಕೂಗಿ, ಎಂದಿನಂತೆ ಐದು ನಿಮಿಷ ಇಡಲು ಹೇಳಿದ್ದೆ. ಮರುದಿನ ಬೆಳಿಗ್ಗೆ, ಎಂದಿನಂತೆ, ನನ್ನ ಕೈಗಡಿಯಾರಕ್ಕೆ ಚಾವಿ ಕೊಟ್ಟು ಅದಕ್ಕೆ ಹೊಂದಿಸಿಕೊಂಡೆ.

ಏಳು ದಾಟಿದ ಮೇಲೆ ಗೌಸುಸಾಬರ ಮೋಟಾರ್‌ಸೈಕಲ್ ಬಂತು. ಹಿಂದೆ ಹತಾರದ ಡಬ್ಬಿ, ಸೊಂಟದಲ್ಲಿ ಎಲೆಯಡಿಕೆಯ ಚಂಚಿ, ಬಾಯಲ್ಲಿ ಸವಣೂರಿನ ಎಲೆ.

"ಆರಕ್ಕ ಅಂದಿದ್ರಿ," ಎಂದು ಕೈಗಡಿಯಾರ ಮುಂದೆ ಹಿಡಿದೆ.

ಅವರು ನನ್ನ ಗಡಿಯಾರ ನೋಡಿದರು, ತಮ್ಮ ಮೊಬೈಲ್ ನೋಡಿದರು. "ಅರೆ ಬಾಯಾರ, ನಿಮ್ಮ ಗಡಿಯಾರಕ್ಕ ನನ್ನ ಮ್ಯಾಲ ಪ್ರೀತಿ ಐತಿ. ಮೊಬೈಲ್ ಪ್ರಕಾರ ನಾ ಇನ್ನೂ ತಡಾ ಮಾಡೇನಿ."

ಮೇಸ್ತ್ರಿಯ ಮೊಬೈಲಿನ ಮಾತು ಕೇಳಿ ನನ್ನ ಗಡಿಯಾರವನ್ನು ಅನುಮಾನಿಸುವ ಕಾಲ ಇನ್ನೂ ಬಂದಿರಲಿಲ್ಲ. ಮಾತು ಬಿಟ್ಟೆ.

ಎಂಜಿನ್ ಶುರುಮಾಡಿದೆ. ಗೌಸುಸಾಬರು ಕಣ್ಣು ಮುಚ್ಚಿ, ಕುತ್ತಿಗೆ ವಾರೆ ಮಾಡಿ, ಹಾಡು ಕೇಳುವವರಂತೆ ನಿಂತರು. ನಾನು ಸ್ಟೆತಸ್ಕೋಪ್ ಕೊಡಹೋದೆ. "ಅದನ್ನ ನೀವ ಹಚ್ಕೋರಿ. ನನ್ನ ಕಿವಿ ಸ್ವಂತದ್ದು," ಎಂದರು. ಬಳಿಕ ಬಗ್ಗಿ ಆ ಹಲ್ಲಿನ ಚಕ್ರ ನೋಡಿ ಹೌಹಾರಿದರು.

"ಯಾ ಅಲ್ಲಾ! ಇದನ್ನ ಯಾರು ಹಿಂದ ಮಾಡಿದ್ರು?"

"ಯಾರೂ ಹಿಂದ ಮಾಡಿಲ್ಲ. ನೀವು ಹೇಳಿದಂಗ ಮುಂದ ಮಾಡೇನಿ."

"ಇದು ಮುಂದ?"

"ಮುಂದ ಅಂದ್ರ ತಡಾ. ಮದುವಿ ಮುಂದ ಹಾಕ್ಯಾರ ಅಂದ್ರ ಏನ್ರಿ ಅರ್ಥ?"

"ಮದುವಿ ಬ್ಯಾರೆ, ಎಂಜಿನ್ ಬ್ಯಾರೆ! ಗಡಿಯಾರ ಮುಂದ ಐತಿ ಅಂದ್ರ ಏನು? ನಿಮ್ಮ ಗಡಿಯಾರದ್ದ ಹೇಳ್ರಿ."

ಮುಂದಿರುವ ಗಡಿಯಾರ ಮೊದಲೇ ಗಂಟೆ ಹೊಡೆಯುತ್ತದೆ. ಮುಂದೆ ಹಾಕಿದ ಮದುವೆ ತಡವಾಗಿ ಆಗುತ್ತದೆ. ಜೀವಮಾನವಿಡೀ ಎರಡನ್ನೂ ಒಂದೇ ಬಾಯಿಯಲ್ಲಿ ಆಡಿದ್ದೇನೆ, ಒಮ್ಮೆಯೂ ತೊಡಕಾಗಿರಲಿಲ್ಲ.

ನಮ್ಮ ಮನೆಯವರು ಪತ್ರಿಕೆ ಕೆಳಗಿಳಿಸಿದರು. ಮಾಸ್ತರರಿಗೆ ಇಂಥದ್ದು ಸಿಕ್ಕರೆ ಹೋಳಿಗೆ ಸಿಕ್ಕಂತೆ. "ಇಬ್ಬರೂ ಖರೇ ಅದೀರಿ. ಹಾದಿ ನಡಿಯಾಂವಗ ಮುಂದಿನ ಊರು ಅಂದ್ರ ಇನ್ನೂ ಬರೂದು, ಅದು ತಡಾ. ರೇಷನ್ ಅಂಗಡ್ಯಾಗ ಪಾಳಿ ಹಚ್ಚಿದಾಂವಗ ಮುಂದಿನಾಂವ ಅಂದ್ರ ಮೊದಲ ಬಂದಾಂವ, ಅದು ಲಗೂ. ಇಕಿ ಹಾದಿ ಹಿಡದ್ಲು, ನೀವು ಪಾಳಿ ಹಚ್ಚಿದ್ರಿ."

"ಇದನ್ನ ನಿನ್ನೆ ಹೇಳಬಾರದಿತ್ತೇನು?"

"ನಿನ್ನೆ ಯಾರು ಕೇಳಿದ್ರಿ? ನಮ್ಮನ್ನ ಕಾರಿನ ವಿಷಯದಾಗ ಯಾರು ಕೇಳ್ತೀರಿ?"

ಅಲ್ಲೇ ಠರಾವು ಮಾಡಿದೆ. ಈ ಕಾರಿನ ಮಟ್ಟಿಗೆ ಮುಂದ-ಹಿಂದ ಎಂಬ ಶಬ್ದಗಳು ಇಂದಿನಿಂದ ಬಂದ್. ಬೇಗ ಆಗುವುದಕ್ಕೆ 'ಲಗೂ', ತಡವಾಗುವುದಕ್ಕೆ 'ತಡಾ', ಅಷ್ಟೇ. ಗೌಸುಸಾಬರು ಎದೆಯ ಮೇಲೆ ಕೈ ಇಟ್ಟು ಒಪ್ಪಿದರು. "ಲಗೂ ಅನ್ನೂದು ಬರೇ ಬಾಯಾಗ ಇದ್ರ ಸಾಲಂಗಿಲ್ಲ ಸಾಬ್ರ, ಬರೂವಾಗೂ ಇರಬೇಕು," ಎಂದೆ. ಅವರು ಎಲೆ ಉಗುಳುವ ನೆಪದಲ್ಲಿ ಬೇವಿನ ಮರದ ಆಚೆ ಹೋದರು.

ಕೆಲಸ ಶುರುವಾಯಿತು. ಎಂಜಿನ್ನಿನ ಮುಂದಿನ ಗಾಲಿಯಲ್ಲಿ ಒಂದು ಗೀರಿದೆ. ಅದರ ಎದುರಿಗೆ ಒಂದು ಮುಳ್ಳು. ಎರಡೂ ಎದುರುಬದುರಾದಾಗ ಕಿಡಿ ಹಾರಬೇಕು. ಮಸಿ ಹಿಡಿದು ಎರಡೂ ಕಾಣುತ್ತಿರಲಿಲ್ಲ. ಗೌಸುಸಾಬರು ಚಂಚಿ ಬಿಚ್ಚಿ, ಬೆರಳ ತುದಿಗೆ ಸುಣ್ಣ ತೆಗೆದು, ಎಲೆಗೆ ಹಚ್ಚುವಷ್ಟೇ ನಾಜೂಕಾಗಿ ಗೀರಿಗೊಂದು, ಮುಳ್ಳಿಗೊಂದು ಬೊಟ್ಟು ಇಟ್ಟರು. ಉಳಿದದ್ದನ್ನು ಎಲೆಗೆ ಸವರಿ ಬಾಯಿಗೆ ಹಾಕಿಕೊಂಡರು. ಮುಂದಿನಿಂದ ಹ್ಯಾಂಡಲ್ ಹಾಕಿ ಸಾವಕಾಶ ತಿರುಗಿಸುವ ಕೆಲಸ ನಮ್ಮ ಮನೆಯವರದು. ಸಾವಕಾಶ ಮಾಡುವ ಕೆಲಸಕ್ಕೆ ಅವರಿಗಿಂತ ಯೋಗ್ಯರು ತಾಲೂಕಿನಲ್ಲಿ ಸಿಗುವುದಿಲ್ಲ. ಮೇಸ್ತ್ರಿ ಡಿಸ್ಟ್ರಿಬ್ಯೂಟರಿಗೆ ತಂತಿಯಿಂದ ಒಂದು ಪುಟ್ಟ ಬಲ್ಬು ಕಟ್ಟಿ ನನ್ನ ಕೈಗೆ ಕೊಟ್ಟರು. ಸುಣ್ಣದ ಬೊಟ್ಟುಗಳು ಒಂದರೆದುರು ಒಂದು ಬಂದು ನಿಂತವು. ಗೌಸುಸಾಬರು ಡಿಸ್ಟ್ರಿಬ್ಯೂಟರಿನ ಮೈಯನ್ನು ಕೂದಲೆಳೆಯಷ್ಟು ತಿರುಗಿಸಿದರು.

"ಹತ್ತಿತೇನ್ರಿ?"

"ಇಲ್ಲ."

"ಈಗ?"

"ಹತ್ತಿತು!"

ಕಿಡಿ ಹಾರುವ ಗಳಿಗೆ ಅದು. ಬಿಗಿದು, ಎಂಜಿನ್ ಶುರುಮಾಡಿ, ಚಕ್ರವನ್ನು ಇನ್ನೆರಡು ಕಟ್ ಕಟ್ 'ಲಗೂ' ಕಡೆ ತಿರುಗಿಸಿದರು. ಎಂಜಿನ್ ಮೈ ಬಿಟ್ಟು ಓಡಿತು. ಆದರೆ ಮೊದಲಿನ ಬಿಕ್ಕು ಹೋಗಲಿಲ್ಲ. ಹಗುರಾಗಿ ಏರಿಸಿದಾಗ ನಡುವೆ ಒಂದು ಗಕ್. ಶಾರದವ್ವನ ಕಿವಿಗೆ ಅದೇ ಸಾಕು.

"ವ್ಯಾಕ್ಯೂಮ್ ಕೆಲಸ ಮಾಡಾಕತ್ತಿಲ್ಲ," ಎಂದರು ಗೌಸುಸಾಬರು.

ಮತ್ತೆ ಒಲೆಗೇ ಬರೋಣ. ಕಟ್ಟಿಗೆ ಹಸಿಯಿದ್ದ ದಿನ ಒಲೆಯನ್ನು ಇನ್ನಷ್ಟು ಮೊದಲೇ ಹೊತ್ತಿಸಬೇಕಲ್ಲವೆ? ಕಾರು ಹಗುರಾಗಿ ಓಡುವಾಗ ಎಂಜಿನ್ನಿಗೆ ಸಿಗುವ ಪೆಟ್ರೋಲೂ ತೆಳ್ಳಗೆ. ಹಸಿ ಕಟ್ಟಿಗೆಯಂತೆ ನಿಧಾನ ಉರಿಯುತ್ತದೆ. ಆಗ ಎಂಜಿನ್ ತನ್ನ ಉಸಿರಿನ ಎಳೆತದಿಂದಲೇ ಒಂದು ತೆಳು ಕೊಳವೆಯ ಮೂಲಕ ರಬ್ಬರಿನ ಪೊರೆಯೊಂದನ್ನು ಎಳೆಯುತ್ತದೆ. ಆ ಪೊರೆ ಕಿಡಿಯನ್ನು ಇನ್ನಷ್ಟು ಬೇಗ ಹಾರಿಸುತ್ತದೆ. ಯಾರೂ ಹೇಳದೆ, ಹಸಿ ಕಟ್ಟಿಗೆ ಕಂಡ ಕೂಡಲೇ ತಾನೇ ಬೇಗ ಏಳುವ ಸೊಸೆ ಇದ್ದಂತೆ.

ಗೌಸುಸಾಬರು ಕೊಳವೆಯ ಒಂದು ತುದಿ ಬಿಚ್ಚಿ ಬಾಯಿಗಿಟ್ಟುಕೊಂಡು ಜೋರಾಗಿ ಎಳೆದು, ನಾಲಿಗೆಯನ್ನು ತೂತಿಗೆ ಒತ್ತಿದರು. ಪೊರೆ ಸರಿಯಿದ್ದರೆ ಕೊಳವೆ ನಾಲಿಗೆಯನ್ನು ಕಚ್ಚಿಕೊಳ್ಳಬೇಕಂತೆ. ಕಚ್ಚಲಿಲ್ಲ. "ಮಾಸ್ತರ, ನೀವು ನೋಡ್ರಿ," ಎಂದು ಇವರಿಗೆ ಕೊಟ್ಟರು. ಇವರು ಕೆನ್ನೆ ಒಳಗೆ ಹೋಗುವಂತೆ ಎಳೆದರು. ಇಬ್ಬರು ಹಿರಿಯರು ಬೆಳ್ಳಂಬೆಳಿಗ್ಗೆ ಸರದಿಯಂತೆ ಕೊಳವೆ ಚೀಪುವುದನ್ನು ನೋಡಿ, ಹಾಲು ಹಾಕಲು ಬಂದ ಎದುರುಮನೆಯ ನೀಲವ್ವ ಗೇಟಿನಲ್ಲೇ ನಿಂತಳು. "ಏನ್ರಿ ಬಾಯಾರ, ಇಬ್ಬರಿಗೂ ಏನಾಗೇತ್ರಿ?" ಎಂದಳು.

"ಪೊರಿ ಹರದೈತಿ," ಎಂದು ಗೌಸುಸಾಬರು ತೀರ್ಪು ಕೊಟ್ಟರು. "ಹುಬ್ಬಳ್ಳಿಯಿಂದ ತರಬೇಕು. ಇವತ್ತು ರವಿವಾರ, ಅಂಗಡಿ ಬಂದ್."

ಹೊಸ ಗಾಡಿಯ ಹಿಂದಿನ ಧೂಳು ಕಣ್ಣ ಮುಂದೆ ಬಂತು. ಆದರೆ ನಾಲಿಗೆಯ ಮಾತಿನ ಮೇಲೆ ರೋಗಿಯನ್ನು ಕೈಬಿಡುವ ಪದ್ಧತಿ ನನ್ನಲ್ಲಿಲ್ಲ. ಒಳಗೆ ಹೋಗಿ ಔಷಧದ ಪೆಟ್ಟಿಗೆಯಿಂದ ದೊಡ್ಡ ಸಿರಿಂಜ್ ತಂದೆ. ಕೊಳವೆಯನ್ನು ಪೂರ್ತಿ ಬಿಚ್ಚಿಸಿ, ಸಿರಿಂಜನ್ನು ನೇರ ಪೊರೆಯ ಡಬ್ಬಿಯ ಮೂತಿಗೆ ಹಚ್ಚಿ ಎಳೆದೆ. ಒಳಗಿನ ತಟ್ಟೆ ಟಕ್ಕೆಂದು ತಿರುಗಿ ಹಾಗೇ ನಿಂತಿತು. ಕೈ ಬಿಟ್ಟರೆ ವಾಪಸು. ಮತ್ತೆ ಎಳೆದರೆ ಮತ್ತೆ ತಿರುಗಿತು.

"ಅರೆ! ಉಸರಾಡಾಕತ್ತೈತಿ!" ಎಂದರು ಗೌಸುಸಾಬರು. ಹಾಗಾದರೆ ಸೋರುವುದು ಕೊಳವೆಯಲ್ಲಿ. ಅವರೇ ಕಣ್ಣಿಗೆ ಹತ್ತಿರ ಹಿಡಿದು ಹುಡುಕಿದರು. ಕೊಳವೆಯ ತುದಿಯ ರಬ್ಬರ್ ಜೋಡಿನಲ್ಲಿ ಉಗುರಿನ ಗೀರಿನಷ್ಟು ಸೀಳು. ಅದಕ್ಕೆ ಬದಲಿಯಾಗಿ ನನ್ನ ಪೆಟ್ಟಿಗೆಯಲ್ಲಿದ್ದ ಸಲೈನ್ ನಳಿಗೆಯ ರಬ್ಬರ್ ತುಂಡು ಬಿಗಿಯಾಗಿ ಕೂತಿತು. "ಸದ್ಯಕ್ಕ ನಡೀತೈತಿ. ಮುಂದಿನ ವಾರ ಪಕ್ಕಾದ್ದು ಹಾಕೂಣು," ಎಂದವರು, ನನ್ನ ಮುಖ ನೋಡಿ ಗಾಬರಿಯಾಗಿ, "ಮುಂದಿನ ಅಂದ್ರ ತಡಾದ್ದು, ಬಾಯಾರ!" ಎಂದು ತಿದ್ದಿಕೊಂಡರು.

"ಇನ್ನ ಮ್ಯಾಲ ಚೀಪೂದು ಬಿಟ್ಟು ಸಿರಿಂಜ್ ಇಟ್ಕೋರಿ," ಎಂದೆ.

"ಸಿರಿಂಜಿಗೆ ರುಚಿ ಗೊತ್ತಾಗತೈತೇನ್ರಿ? ಯಾವ ಬಂಕಿನ ಪೆಟ್ರೋಲ್ ಅಂತ ನನ್ನ ನಾಲಿಗಿ ಹೇಳತೈತಿ."

ಬಾನೆಟ್ ಮುಚ್ಚಿ, ಊರಾಚೆ ಒಂದು ಸುತ್ತು ಹೋಗಿ ಪರೀಕ್ಷೆ ಮಾಡಬೇಕು ಎನ್ನುವಷ್ಟರಲ್ಲಿ ಇವರ ಮೊಬೈಲ್ ಸದ್ದು ಮಾಡಿತು. ಶಾರದವ್ವ. ಇವರು ಹೂಂ ಹೂಂ ಎಂದು ಕೇಳಿ ಇಟ್ಟರು.

"ಐನೋರಿಗೆ ಇನ್ನೊಂದು ಮನ್ಯಾಗ ಪೂಜಿ ಐತಂತ. ಕುಬಸದ ಹೊತ್ತು ಒಂದು ತಾಸು ಮುಂದ ಮಾಡ್ಯಾರಂತ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಲಗೂನೋ, ತಡಾನೋ?" ಎಂದೆ.

"ಕೇಳಲಿಲ್ಲ."

"ವ್ಯಾಕರಣ ಹೇಳ್ತೀರಿ! ಹಚ್ರಿ ಫೋನು!"

ಲಗೂ. ಹನ್ನೆರಡರದ್ದು ಹನ್ನೊಂದಕ್ಕೆ. ಪರೀಕ್ಷೆಯ ಸುತ್ತು ಅಲ್ಲಿಗೇ ರದ್ದಾಯಿತು. ನಾನು ಸೀರೆ ಬದಲಿಸುವಷ್ಟರಲ್ಲಿ ಇವರು ಕುಬಸದ ಸೀರೆ, ಕಾಯಿ, ಹಣ್ಣು ಡಿಕ್ಕಿಯಲ್ಲಿ ಇಟ್ಟಿದ್ದರು. ಗೌಸುಸಾಬರು ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ, "ಹೋಗಿ ಬಾ ಬೇಟಿ" ಎಂದರು. ನನಗಲ್ಲ, ಕಾರಿಗೆ.

ಬಂಕಾಪುರ ದಾಟಿ ಹೆದ್ದಾರಿ ಹಿಡಿದಾಗ ನಾನು ಮೆಲ್ಲಗೆ ಕಾಲು ಹಗುರ ಮಾಡಿದೆ, ಮತ್ತೆ ಒತ್ತಿದೆ. ಬಿಕ್ಕು ಬರಲಿಲ್ಲ. ಮತ್ತೊಮ್ಮೆ ಮಾಡಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಯಿತು. ಪಕ್ಕದಲ್ಲಿ ಇವರು ಎಂದಿನಂತೆ, ತಮ್ಮ ಕಾಲ ಕೆಳಗೆ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದರು. ಶಾರದವ್ವನ ಮನೆಯ ಮುಂದೆ ನಿಲ್ಲಿಸಿದಾಗ ನನ್ನ ಕೈಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷ ಬಾಕಿ. ಅದು ಊರಿಗಿಂತ ಐದು ನಿಮಿಷ ಮೊದಲಿರುವುದರಿಂದ ಇನ್ನೂ ಸಾಕಷ್ಟು ಹೊತ್ತಿದೆ ಎಂದು ಮೆಟ್ಟಿಲು ಹತ್ತಿದೆ.

ಒಳಗೆ ಆರತಿ ಹಾಡು ಶುರುವಾಗಿತ್ತು. ಗೋಡೆಯ ಗಡಿಯಾರ ಹನ್ನೊಂದು ದಾಟಿತ್ತು.

"ಬರ್ರಿ ಬಾಯಾರ," ಎಂದರು ಶಾರದವ್ವ, ಇಡೀ ಪಡಸಾಲೆಗೆ ಕೇಳುವಂತೆ. "ನೀವು ತಡಾ ಮಾಡಿದ್ದು ನೋಡೂ ಭಾಗ್ಯ ನಮಗ ಸಿಕ್ತು. ಗಾಡಿ ಕೆಟ್ಟಿತ್ತೇನ್ರಿ?"

ಹೆಂಗಸರೆಲ್ಲ ನಕ್ಕರು. ಗೌರವ್ವ ಸೆರಗು ಬಾಯಿಗೆ ಹಿಡಿದಳು. ಹಸಿರು ಸೀರೆ, ಕೈ ತುಂಬ ಬಳೆ, ಉಡಿಯಲ್ಲಿ ಅಕ್ಕಿ-ಕಾಯಿ ಹೊತ್ತು ಕೂತ ಅಂಬಿ ಮಾತ್ರ ನನ್ನನ್ನು ಆತಂಕದಿಂದ ನೋಡಿದಳು. "ಗಾಡಿ ಚಲೋ ಐತಿ," ಎಂದೆ. ಎಲ್ಲಿ ತಪ್ಪಿತು ಎಂದು ನನಗೇ ತಿಳಿಯಲಿಲ್ಲ. ಮೇಟ್ರನ್ ಬಾಗಿಲ ಹೊರಗೆ ನಿಲ್ಲಿಸಿದ ಹುಡುಗಿಯಂತೆ ಕಂಬದ ಪಕ್ಕ ಕೂತೆ.

ಊಟವಾದ ಮೇಲೆ ಪರೀಕ್ಷೆ. ಶಾರದವ್ವ ಹಿಂದಿನ ಸೀಟಿನಲ್ಲಿ ಕೂತರು. ಕೈಯಲ್ಲಿ ಅಂಚಿನ ತನಕ ತುಂಬಿದ ಚಹಾದ ಬಶಿ.

"ಇದೇನ್ರಿ?"

"ಚಹಾ. ತುಳುಕಿದ್ರ ಸೊಸಿ ಬರಂಗಿಲ್ಲ."

ಇಂಥ ಪರೀಕ್ಷೆ ನನಗೆ ನರ್ಸಿಂಗ್ ಶಾಲೆಯಲ್ಲೂ ಇರಲಿಲ್ಲ. ಅಂಬಿ, ಗೌರವ್ವ ಬಾಗಿಲಿಗೆ ಬಂದು ನಿಂತರು. ನಾನು ಗೇರು ಹಾಕಿ, ಉಸಿರು ಹಿಡಿದು, ಹಸಿ ಹೊಲಿಗೆಯ ರೋಗಿಯನ್ನು ತಳ್ಳುಕುರ್ಚಿಯಲ್ಲಿ ಒಯ್ಯುವಂತೆ ಹೊರಟೆ. ಕಾಳಿನ ಪೇಟೆಯ ಲಾರಿಗಳ ನಡುವೆ ಹೋದೆ, ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಒಂದಿಷ್ಟು ಓಡಿಸಿದೆ, ತಿರುಗಿದೆ. ಹಿಂದಿನಿಂದ ಶಾರದವ್ವ ತಮ್ಮ ಸೊಂಟದ ನೋವು, ಅದಕ್ಕೆ ಹಚ್ಚಿದ ಎಣ್ಣೆ, ಎಣ್ಣೆ ಕೊಟ್ಟ ನೆಗೆಣ್ಣಿಯ ಜಿಪುಣತನ, ಆ ನೆಗೆಣ್ಣಿ ಮಗಳ ಮದುವೆಯಲ್ಲಿ ಬಡಿಸಿದ ತೆಳು ಸಾರು, ಎಲ್ಲ ಹೇಳಿದರು. ಹಿಂದೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಇವರು ಅಂದು ಮೈಲಿಗಲ್ಲು ನೋಡಿದಂತೆ ನಾನು ರಸ್ತೆಯನ್ನೇ ನೋಡಿದೆ.

ಮನೆಯ ಮುಂದೆ ನಿಲ್ಲಿಸಿದೆ. ಅಂಬಿ ಓಡಿ ಬರಹೋದಳು. "ಸಾವಕಾಶ!" ಎಂದು ನಾವು ಮೂವರು ಹೆಂಗಸರೂ ಒಟ್ಟಿಗೆ ಕೂಗಿದೆವು. ಬಶಿ ಖಾಲಿಯಿತ್ತು.

"ತುಳುಕಿತೇನ್ರಿ ಅತ್ತಿ?" ಎಂದಳು ಅಂಬಿ, ಅಳು ಮೋರೆ ಮಾಡಿ.

ಶಾರದವ್ವ ಬಶಿ ನೋಡಿದರು, ಸೀರೆ ನೋಡಿಕೊಂಡರು, ಸೀಟು ಸವರಿದರು. ಎಲ್ಲಿಯೂ ಹಸಿಯಿರಲಿಲ್ಲ.

"ಕುಡದೇನವಾ," ಎಂದರು. "ಮಾತಿನ್ಯಾಗ ಮರತು ಕುಡದಬಿಟ್ಟೆ."

ಶಾರದವ್ವನೇ ಮೊದಲು ನಕ್ಕರು. "ಮರಿಯೂವಷ್ಟು ಸುಮ್ಮನ ಹೊಂಟಿತ್ತವಾ. ಹೋಗು, ಕರಕೊಂಡು ಹೋಗ್ರಿ. ಆದ್ರ ಬಾಯಾರ, ಹಾದ್ಯಾಗ ಏನರ ಆದ್ರ ಹೆಸರು ಮಾತ್ರ ನಾ ಇಡಾಕಿ."

ರಾಹುಕಾಲಕ್ಕೆ ಮೊದಲೇ ಹೊರಟೆವು. ಹಿಂದೆ ಗೌರವ್ವ, ಅಂಬಿ. ಮುಂದೆ ನಾನು, ಇವರು. ಅಂದು ಕೂತಂತೆಯೇ, ಅವರವರ ಜಾಗದಲ್ಲೇ ಕೂತಿದ್ದೆವು. ಒಬ್ಬರಷ್ಟೇ ಹೆಚ್ಚು, ಇನ್ನೊಬ್ಬರು ದಾರಿಯಲ್ಲಿ. ಹಂಸಭಾವಿಯ ಹಳ್ಳ ಬರುತ್ತಿದ್ದಂತೆ ಗೌರವ್ವ ಮಾತು ನಿಲ್ಲಿಸಿ ಮುಂದಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದದ್ದು ನನ್ನ ಭುಜಕ್ಕೆ ತಿಳಿಯಿತು.

"ಅದ ಕಲ್ಲು," ಎಂದರು ನಮ್ಮ ಮನೆಯವರು. "ಬಣ್ಣ ಬ್ಯಾರೆ ಹಚ್ಚ್ಯಾರ."

"ಇಲ್ಲೇ ಏನು ದೊಡ್ಡವ್ವ? ಒಂದ ನಿಮಿಷ ನಿಲ್ಲಸ್ರಿ, ನೋಡ್ತೇನಿ," ಎಂದು ಅಂಬಿ ನನ್ನನ್ನು ಕೇಳಿದಳು.

"ಕುಂತಲ್ಲಿಂದ ನೋಡವಾ," ಎಂದೆ. ಆ ಕಲ್ಲಿನ ಹತ್ತಿರ ಒಮ್ಮೆ ನಿಂತಾಗ ಮೂವರು ಇದ್ದವರು ನಾಲ್ವರಾಗಿ ಎದ್ದಿದ್ದೆವು. ಮತ್ತೆ ನಿಲ್ಲಿಸುವ ಧೈರ್ಯ ನನಗಿರಲಿಲ್ಲ. ಗೇರು ಇಳಿಸಿದೆ. ಎಂಜಿನ್ ಒಮ್ಮೆ ಎದೆ ತುಂಬ ಗುಟುರು ಹಾಕಿತು. ಹುಲಗೂರಿನ ಗಿರಣಿಯ ಡಬ್ ಡಬ್ ಕೇಳಿದಂತಾಯಿತು, ಎಲ್ಲಿಯೂ ಕುಂಟಲಿಲ್ಲ. ಏರು ಹತ್ತಿ ಆಚೆ ಬಂದೆವು. ಕನ್ನಡಿಯಲ್ಲಿ ನೋಡಿದರೆ ಅಂಬಿ ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಸೀಟನ್ನು, ಹಾಲು ಕೊಟ್ಟ ಆಕಳನ್ನು ಸವರುವಂತೆ ಸವರುತ್ತಿದ್ದಳು.

ಅವಳನ್ನು ತವರಿನ ಹೊಸ್ತಿಲು ದಾಟಿಸಿ, ನಾಡಿ ನೋಡಿ, ಗೌರವ್ವನಿಗೆ ಹೇಳುವುದನ್ನು ಹೇಳಿ, ಹಾನಗಲ್ಲಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಬಂದವಳೇ ಅಡುಗೆಮನೆಗೆ ಹೋಗಿ ಗಡಿಯಾರದ ಕೆಳಗೆ ನಿಂತೆ. ಇವರ ಮೊಬೈಲ್ ತರಿಸಿ ಅದರ ಪಕ್ಕ ಹಿಡಿದೆ. ನಮ್ಮ ಗಡಿಯಾರ ಊರಿಗಿಂತ ಐದು ನಿಮಿಷ ಹಿಂದಿತ್ತು.

"ನಿನ್ನೆ ಸೆಲ್ ಹಾಕೂವಾಗ ನಾ ಏನು ಹೇಳಿದ್ದೆ?"

"ಐದು ನಿಮಿಷ ಮುಂದ ಮಾಡ್ರಿ ಅಂದಿದ್ದಿ," ಎಂದರು ನಮ್ಮ ಮನೆಯವರು, ಸಾವಕಾಶ ಅಂಗಿ ಬಿಚ್ಚುತ್ತ. "ಮಾಡಿದೆ. ಮುಂದ ಅಂದ್ರ ತಡಾ. ಮದುವಿ ಮುಂದ ಹಾಕಿದಂಗ."

ಬೆಳಿಗ್ಗೆ ಬೇವಿನ ಮರದ ಕೆಳಗೆ ನಾನೇ ಆಡಿದ ಮಾತು ಅದು.

ದಿನದ ಕೊನೆಯ ಕೆಲಸ: ಇವರಿಗೆ ಸ್ಟೂಲ್ ಹಿಡಿಯಲು ಹೇಳಿ, ನಾನೇ ಹತ್ತಿ, ಗಡಿಯಾರವನ್ನು ಹತ್ತು ನಿಮಿಷ ಲಗೂ ಮಾಡಿದೆ.